ಬಿ1 ಜರ್ಮನ್ ತರಗತಿ ಮತ್ತು ಪೌರತ್ವ ಪರೀಕ್ಷೆಯ ತರಗತಿಯ ಬದಲಾವಣೆ ಕುರಿತು ನಮ್ಮ ವಿದ್ಯಾರ್ಥಿಗಳಿಗೆ

ಮಾನ್ಯರೇ,

ಜರ್ಮನಿಯ ಪೌರತ್ವ ಪರೀಕ್ಷೆಗೆಂದು ನಾವು ಪ್ರತ್ಯೇಕವಾಗಿ ನಡೆಸುತ್ತಿದ್ದ ತರಗತಿ ಮುಂದಿನ ತಂಡದಿಂದ ಇರುವುದಿಲ್ಲ. ಅದರ ಪಾಠ ಬಿ1, ಅಂದರೆ ಮಧ್ಯಮ ಹಂತದ, ಜರ್ಮನ್ ತರಗತಿಯೊಳಗೇ ಸೇರುತ್ತದೆ. ಒಂದು ತಂಡದಲ್ಲಿ ಇನ್ನು ಮುಂದೆ 14 ಜನರ ಬದಲು 8 ಜನರಿರುತ್ತಾರೆ ಮತ್ತು ತಿಂಗಳ ಶುಲ್ಕ 90 ಯೂರೋದಿಂದ 110 ಯೂರೋಗೆ ಏರುತ್ತದೆ. ಈಗಾಗಲೇ ಸೇರಿರುವವರಿಗೆ ಪರೀಕ್ಷೆ ಮುಗಿಯುವವರೆಗೂ ಹಳೆಯ ಶುಲ್ಕವೇ ಮುಂದುವರಿಯುತ್ತದೆ. ಶುಲ್ಕ ಏರಿಸಿ ಬರೆಯುವ ಪತ್ರ ಯಾರಿಗೂ ಹಿತವಲ್ಲ, ಬರೆಯುವವರಿಗಂತೂ ಅಲ್ಲವೇ ಅಲ್ಲ. ನಿಮ್ಮ ಮನೆಯ ಲೆಕ್ಕಕ್ಕೆ ಇದರಿಂದ ಆಗುವ ತೊಂದರೆಗೆ ಕ್ಷಮೆ ಕೋರುತ್ತೇವೆ. ಆದರೆ ನಾವು ಲಾಭದ ಆಸೆಗೆ ಹೀಗೆ ಮಾಡಿದ್ದೇವೆ ಎನ್ನುವವರು ದಯವಿಟ್ಟು ಗುಣಾಕಾರ ಮಾಡಿ ನೋಡಬೇಕು. ತುಂಬಿದ ತಂಡವೊಂದರಿಂದ ಬರುತ್ತಿದ್ದ 1,260 ಯೂರೋ ಇನ್ನು ಮುಂದೆ 880 ಯೂರೋ ಆಗುತ್ತದೆ. ಪ್ರತ್ಯೇಕ ತರಗತಿಗಾಗಿ ಹಿಡಿದಿದ್ದ ಕೋಣೆಯ ಬಾಡಿಗೆ ಉಳಿಯುವುದರಿಂದಷ್ಟೇ ಈ ಲೆಕ್ಕ ಹೇಗೋ ಸರಿಹೋಗುತ್ತದೆ.

ನಮ್ಮ ಕೈಗೆ ಬಾರದ ಹಣಕ್ಕೂ ನಮ್ಮನ್ನೇ ಪ್ರಶ್ನಿಸಲಾಗುತ್ತಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಪೌರತ್ವ ಪರೀಕ್ಷೆಯ 25 ಯೂರೋ ಸರ್ಕಾರ ನಿಗದಿಪಡಿಸಿದ ಶುಲ್ಕ. ಪೌರತ್ವದ ಅರ್ಜಿಗೆ ವಯಸ್ಕರು ಕಟ್ಟುವ 255 ಯೂರೋ ಮತ್ತು ತಂದೆತಾಯಿಯೊಂದಿಗೆ ಅರ್ಜಿ ಹಾಕುವ ಮಕ್ಕಳ 51 ಯೂರೋ ಪೌರತ್ವ ಕಚೇರಿಗೆ ಹೋಗುತ್ತವೆ. ಭಾಷಾ ಪರೀಕ್ಷೆಯ ಶುಲ್ಕ ಪರೀಕ್ಷಾ ಕೇಂದ್ರದ್ದು, ಜನನ ಪ್ರಮಾಣಪತ್ರದ ಅನುವಾದದ ವೆಚ್ಚ ಅನುವಾದಕರದ್ದು. ಊರಿನಲ್ಲಿ ಪರೀಕ್ಷೆಗೆ ಜಾಗ ಸಿಗದೆ ಬೇರೆ ಊರಿಗೆ ಹೋಗಿ ಬಂದವರ ರೈಲು ಟಿಕೆಟನ್ನೂ ಕೆಲವರು ನಮ್ಮ ಲೆಕ್ಕಕ್ಕೇ ಬರೆದಿದ್ದಾರೆ. ಈ ಯಾವುದರಲ್ಲಿಯೂ ನಮಗೆ ಒಂದು ಸೆಂಟ್ ಕೂಡ ಬರುವುದಿಲ್ಲ.

ಇನ್ನು ನಾವು ಪದೇ ಪದೇ ಕೇಳುವ ಆಕ್ಷೇಪಕ್ಕೆ ಬರುತ್ತೇವೆ. ಬಾಮ್ಫ್ ಎಂದೇ ನಾವೆಲ್ಲ ಕರೆಯುವ ವಲಸೆ ಕಚೇರಿಯು ಎಲ್ಲ ಪ್ರಶ್ನೆಗಳನ್ನೂ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಟ್ಟಿರುವಾಗ ನೀವು ಅದಕ್ಕೆ ಹಣ ಏಕೆ ಪಡೆಯುತ್ತಿದ್ದಿರಿ ಎಂಬುದು ಆ ಆಕ್ಷೇಪ. ಪ್ರಶ್ನೆಗಳು ಉಚಿತ ಎಂಬುದು ನಿಜ. ದೇಶಕ್ಕೆಲ್ಲ ಸಾಮಾನ್ಯವಾದ 300 ಮತ್ತು ನೀವು ವಾಸಿಸುವ ರಾಜ್ಯಕ್ಕೆ ಸಂಬಂಧಿಸಿದ 10, ಒಟ್ಟು 310 ಪ್ರಶ್ನೆಗಳಲ್ಲಿ 33 ಪರೀಕ್ಷೆಗೆ ಬರುತ್ತವೆ. 60 ನಿಮಿಷಗಳಲ್ಲಿ 17ಕ್ಕೆ ಸರಿಯುತ್ತರ ಗುರುತಿಸಿದರೆ ಉತ್ತೀರ್ಣ. ಸಂಜೆ ಮೊಬೈಲ್ ಹಿಡಿದು ಅಭ್ಯಾಸ ಮಾಡುವ ಶಿಸ್ತು ಇದ್ದವರಿಗೆ ಶಿಕ್ಷಕರು ಬೇಕಿಲ್ಲ, ಮತ್ತು ಇದನ್ನು ವಿಚಾರಿಸಿದವರಿಗೆಲ್ಲ ನಾವು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇವೆ. ಜರ್ಮನ್ ಶಾಲೆಯಲ್ಲಿ ಓದಿ ಪ್ರಮಾಣಪತ್ರ ಪಡೆದ ಮಕ್ಕಳಿಗಂತೂ ಈ ಪರೀಕ್ಷೆಯೇ ಬೇಕಾಗುವುದಿಲ್ಲ. ನಾವು ಪಡೆಯುತ್ತಿದ್ದದ್ದು ಪ್ರಶ್ನೆಗಳ ಬೆಲೆಯನ್ನಲ್ಲ, ಶಿಕ್ಷಕರ ಸಮಯಕ್ಕೆ ಸಂಭಾವನೆಯನ್ನು.

ಆ ಸಮಯದಲ್ಲಿ ಆಗುತ್ತಿದ್ದುದೇನು ಎಂಬುದಕ್ಕೆ ಪಟ್ಟಿಯ ಮೊದಲ ಪ್ರಶ್ನೆಯನ್ನೇ ನೋಡಿ. ಜರ್ಮನಿಯಲ್ಲಿ ಜನರು ಸರ್ಕಾರದ ವಿರುದ್ಧ ಬಹಿರಂಗವಾಗಿ ಮಾತನಾಡಬಹುದು, ಏಕೆ? ಧಾರ್ಮಿಕ ಸ್ವಾತಂತ್ರ್ಯ ಇದೆ, ಜನರು ತೆರಿಗೆ ಕಟ್ಟುತ್ತಾರೆ, ಮತದಾನದ ಹಕ್ಕಿದೆ, ಅಭಿವ್ಯಕ್ತಿ ಸ್ವಾತಂತ್ರ್ಯ ಇದೆ ಎಂಬ ನಾಲ್ಕು ಆಯ್ಕೆಗಳಲ್ಲಿ ಕೊನೆಯದನ್ನು ಬಾಯಿಪಾಠ ಮಾಡಿದವರೂ ಸರಿಯಾಗಿ ಗುರುತಿಸುತ್ತಾರೆ. ಆದರೆ ತೆರಿಗೆ ಕಟ್ಟುವವರಿಗೆ ಮಾತನಾಡುವ ಹಕ್ಕಿಲ್ಲವೇ ಎಂದು ತರಗತಿಯಲ್ಲಿ ಒಬ್ಬರು ಕೇಳಿದರೆ, ಅರ್ಧ ಗಂಟೆ ಜರ್ಮನ್ ಭಾಷೆಯಲ್ಲೇ ವಾದ ನಡೆಯುತ್ತದೆ. 2024ರ ಜೂನ್ 27ರಿಂದ ಜಾರಿಗೆ ಬಂದ ಪೌರತ್ವ ಕಾಯ್ದೆಯ ತಿದ್ದುಪಡಿಯು ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 8 ವರ್ಷದಿಂದ 5ಕ್ಕೆ ಇಳಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ತಿದ್ದುಪಡಿಯ ಪ್ರಕಾರ ನಾತ್ಸಿ ಆಡಳಿತದ ಅನ್ಯಾಯಕ್ಕಾಗಿ ಜರ್ಮನಿಗಿರುವ ಐತಿಹಾಸಿಕ ಹೊಣೆಗೂ ಯಹೂದಿ ಜನಜೀವನದ ರಕ್ಷಣೆಗೂ ಅರ್ಜಿದಾರರು ಬದ್ಧತೆ ಘೋಷಿಸಬೇಕು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿಸಲು ನಮಗೆ ಮನಸ್ಸಿಲ್ಲ. ಆದ್ದರಿಂದಲೇ ಆ ಪಾಠವನ್ನು ಕೈಬಿಡದೆ ಭಾಷಾ ತರಗತಿಯೊಳಗೆ ತಂದಿದ್ದೇವೆ.

ನಮ್ಮವರು ನಿಜವಾಗಿ ಎಡವುವುದು ಭಾಷಾ ಪರೀಕ್ಷೆಯಲ್ಲಿ. ಪೌರತ್ವಕ್ಕೆ ಬಿ1 ಬೇಕು. ಬ್ಲೂ ಕಾರ್ಡ್, ಅಂದರೆ ಉನ್ನತ ಅರ್ಹತೆಯ ವಿದೇಶಿ ಉದ್ಯೋಗಿಗಳ ವಾಸದ ಪರವಾನಗಿ, ಇರುವವರಿಗೆ ಆರಂಭಿಕ ಹಂತದ ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿಗೆ ಅರ್ಹತೆ ಬರುತ್ತದೆ. ಗ್ಯೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಕೆ, ಬರವಣಿಗೆ, ಮಾತು ಈ ನಾಲ್ಕರಲ್ಲೂ ಬೇರೆ ಬೇರೆಯಾಗಿ ನೂರಕ್ಕೆ 60 ಅಂಕ ಬೇಕು. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಆಡುವವರು ಓದಿನಲ್ಲಿ ದಾಟಿಬಿಡುತ್ತಾರೆ. ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಕುಳಿತವರೊಡನೆ ಸೇರಿ ಒಂದು ಕಾರ್ಯಕ್ರಮ ಯೋಜಿಸಬೇಕಾದಾಗ, ಶನಿವಾರ ಬೇಡ ಭಾನುವಾರ ಇಟ್ಟುಕೊಳ್ಳೋಣ ಎಂದು ಅವರು ಅಂದರೆ ಸಾಕು, ಕಂಠಪಾಠ ಮಾಡಿ ತಂದ ವಾಕ್ಯಗಳೆಲ್ಲ ಕೈಕೊಡುತ್ತವೆ. ತೊಂಬತ್ತು ನಿಮಿಷದ ತರಗತಿಯಲ್ಲಿ 14 ಜನರಿದ್ದರೆ ಒಬ್ಬರ ಪಾಲಿಗೆ ಆರು ನಿಮಿಷಕ್ಕಿಂತ ತುಸು ಹೆಚ್ಚು ಮಾತಷ್ಟೇ ಬರುತ್ತದೆ; 8 ಜನರಾದರೆ ಹನ್ನೊಂದು ನಿಮಿಷ ಸಿಗುತ್ತದೆ. ಶುಲ್ಕ ಏರಿದ್ದು ಈ ಐದು ನಿಮಿಷಕ್ಕಾಗಿ, ಇದರ ಬಗ್ಗೆ ನಮಗೆ ಸಂಕೋಚವಿಲ್ಲ.

ಉನ್ನತ ಹಂತದ ಸಿ1 ಜರ್ಮನ್ ಬೇಕಾಗಿದ್ದ, ಮೂರು ವರ್ಷಕ್ಕೇ ಪೌರತ್ವ ಪಡೆಯುವ ದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಮುಚ್ಚಿದ್ದರಿಂದ ಸಿ1 ತಂಡಕ್ಕೆ ಬೇಡಿಕೆ ಉಳಿದಿಲ್ಲ. ಆ ತಂಡವನ್ನೂ ನಿಲ್ಲಿಸುತ್ತಿದ್ದೇವೆ. ಅದಕ್ಕೆ ಮುಂಗಡ ಕಟ್ಟಿದವರಿಗೆ ಹಣ ಪೂರ್ತಿ ಹಿಂದಿರುಗುತ್ತದೆ.

ಏರಿದ ಶುಲ್ಕ ಹೊರೆಯಾಗುವವರು, ವಿಶೇಷವಾಗಿ ಸಂಗಾತಿಯ ವೀಸಾದಲ್ಲಿ ಬಂದು ಇನ್ನೂ ಕೆಲಸ ಸಿಗದವರು, ಸಂಕೋಚಪಡದೆ ತಮ್ಮ ಶಿಕ್ಷಕರಿಗೆ ತಿಳಿಸಬೇಕು. ಅಂಥವರಿಗೆ ಕಂತಿನಲ್ಲಿ ಕಟ್ಟಲು ಅವಕಾಶವಿದೆ, ಮತ್ತು ಆ ಮಾತು ನಿಮ್ಮ ಹಾಗೂ ಶಿಕ್ಷಕರ ನಡುವೆಯೇ ಉಳಿಯುತ್ತದೆ. ಹೊಸ ತಂಡಕ್ಕೆ ಸೇರುವವರು ಬಯಸುವ ವಾರದ ದಿನವನ್ನು ಈ ತಿಂಗಳ ಕೊನೆಯೊಳಗೆ ನಮಗೆ ಬರೆದು ತಿಳಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಶಿಕ್ಷಕರ ಸಹಕಾರಿಯ ಪರವಾಗಿ