ಮಕ್ಕಳ ಬ್ಯಾಂಡ್‌ಗೂ ಒಂದು ಕೊಠಡಿ ಸಿಗಲಿ

ಮಾನ್ಯರೇ,

ಹದಿಹರೆಯದ ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದರೆ ಅಭ್ಯಾಸ ಮಾಡಲು ನಮ್ಮ ಊರುಗಳಲ್ಲಿ ಜಾಗವೇ ಸಿಗುವುದಿಲ್ಲ. ಗಿಟಾರ್ ಹಿಡಿದ ಕೂಡಲೇ ‘ಸುಮ್ನೆ ಟೈಮ್ ವೇಸ್ಟ್’ ಎಂಬ ಮಾತು ಬೇರೆ. ಆದರೆ ಮುಂದೆ ಜಗತ್ಪ್ರಸಿದ್ಧವಾದ ಬ್ಯಾಂಡ್ ಬೀಟಲ್ಸ್ ಶುರುವಾದದ್ದೂ ಹೀಗೆಯೇ. 1960ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಈ ಹುಡುಗರು ಕ್ಲಬ್‌ನಲ್ಲಿ ನುಡಿಸಲು ಜರ್ಮನಿಯ ಹ್ಯಾಂಬರ್ಗ್‌ಗೆ ಹೋದಾಗ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಅವರಿಗೆ ಬರೀ 17 ವರ್ಷ. ಮಲಗಲು ಸಿಕ್ಕಿದ್ದು ಟಾಕೀಸಿನ ಪರದೆ ಹಿಂದಿನ, ಶೌಚಾಲಯದ ಪಕ್ಕದ ಕತ್ತಲೆ ಕೋಣೆ. ರಾತ್ರಿಯೆಲ್ಲ ಗಂಟೆಗಟ್ಟಲೆ ನುಡಿಸಿಯೇ ಅವರ ಕೈ ಪಳಗಿತು. ವಯಸ್ಸು ಸಾಲದೆಂದು ನವೆಂಬರ್‌ನಲ್ಲಿ ಹ್ಯಾರಿಸನ್ ಅವರನ್ನು ಊರಿಗೆ ವಾಪಸ್ ಕಳಿಸಿದರು. ಆದರೂ ಗೆಳೆಯರು ತಂಡ ಬಿಡಲಿಲ್ಲ.

ನಮ್ಮ ಮಕ್ಕಳು ಅಷ್ಟೆಲ್ಲ ಕಷ್ಟಪಡಬೇಕಿಲ್ಲ, ಅಲ್ವಾ? ಶನಿವಾರ ಮಧ್ಯಾಹ್ನ ಖಾಲಿ ಇರುವ ಕೊಠಡಿಯೊಂದನ್ನು ಶಾಲೆಗಳು ಎರಡು ಗಂಟೆ ಅವರಿಗೆ ಬಿಟ್ಟುಕೊಡಲಿ. ನೋಡಿಕೊಳ್ಳಲು ಒಬ್ಬ ಶಿಕ್ಷಕರಿದ್ದರೆ ಸಾಕು.

– ಓದುಗ, ಮೈಸೂರು