ಪುಟ್ಟಿಗೆ, ಆ ರಾಜೀನಾಮೆ ಪತ್ರ ಕೊಡುವ ಮೊದಲು

ತೀರ್ಥಹಳ್ಳಿ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವು ಕ್ಷೇಮ. ಮಳೆ ಹೊಳವಾಗದ ಕಾರಣ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಸುವುದು ಬಾಕಿ ಉಳಿದಿದೆ. ಪಂದ್ಯ ಸೋತ ಮೇಲೆ ಕಾಲೇಜು ರಗ್ಬಿ ತಂಡದ ನಾಯಕಿಯ ಸ್ಥಾನ ಬಿಡಲು ನೀನು ಪತ್ರ ಬರೆದಿಟ್ಟಿರುವೆಯೆಂದು ಅಮ್ಮ ನಿನ್ನೆ ರಾತ್ರಿ ಹೇಳಿದಳು. ನಿನ್ನಿಂದಾಗಿಯೇ ನಾನು ಈ ಆಟ ನೋಡಲು ಕಲಿತವನು. ಹಾಗೆ ನೋಡುತ್ತ ಮನಸ್ಸಿಗೆ ಹತ್ತಿರವಾದ ಒಬ್ಬನ ಬಗ್ಗೆ ನಿನಗೆ ಬರೆಯಬೇಕೆನಿಸಿತು.

ನ್ಯೂಜಿಲೆಂಡಿನ ರಿಚಿ ಮೆಕಾ ನಿನ್ನಂತೆಯೇ ಏಳನೇ ನಂಬರಿನ ಫ್ಲ್ಯಾಂಕರ್, ಅಂದರೆ ಚೆಂಡು ಕಸಿಯಲು ಮುನ್ನುಗ್ಗುವ ಆಟಗಾರ, ನಿನ್ನಂತೆಯೇ ಕೃಷಿಕರ ಮನೆಯ ಮಗು. ದಕ್ಷಿಣ ದ್ವೀಪದ ಹಕಟರಮಿಯ ಕಣಿವೆಯ ಜಮೀನಿನಲ್ಲಿ ಬೆಳೆದು, ಡನೀಡಿನ್ನಿನ ಶಾಲೆಯ ಹಾಸ್ಟೆಲ್ ಸೇರಿ, ಮುಂದೆ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಜ್ಞಾನ ಓದುತ್ತಿದ್ದ ಹುಡುಗ 2001ರಲ್ಲಿ ಐರ್ಲೆಂಡ್ ವಿರುದ್ಧ ಆಲ್ ಬ್ಲ್ಯಾಕ್ಸ್ ಎಂಬ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡಕ್ಕೆ ಮೊದಲ ಪಂದ್ಯ ಆಡಿದ. ಐದು ವರ್ಷಗಳಲ್ಲಿ ತಂಡದ ನಾಯಕನಾದ.

ನಾನು ಮತ್ತೆ ಮತ್ತೆ ನೋಡಿದ್ದು ಆತ ಗೆದ್ದ ಪಂದ್ಯವನ್ನಲ್ಲ. 2007ರ ವಿಶ್ವಕಪ್‌ನ ಕ್ವಾರ್ಟರ್ ಫೈನಲ್, ಕಾರ್ಡಿಫ್, ಎದುರಾಳಿ ಫ್ರಾನ್ಸ್. ವಿರಾಮದ ಹೊತ್ತಿಗೆ 13–3ರಿಂದ ಮುಂದಿದ್ದ ತಂಡ 18–20ರಿಂದ ಸೋತಿತು. ಫ್ರಾನ್ಸಿನವರು ಎದುರಾಳಿಯ ಗೆರೆಯಾಚೆ ಚೆಂಡು ಊರಿ ಟ್ರೈ ಗಳಿಸುವ ಮುನ್ನ ನಿಯಮ ಮೀರಿ ಚೆಂಡನ್ನು ಮುಂದಕ್ಕೆ ಎಸೆದದ್ದು ರೆಫರಿಯ ಕಣ್ಣಿಗೆ ಬೀಳಲಿಲ್ಲ, ನಿಜ. ಆದರೆ ಬರೀ ಎರಡು ಅಂಕ ಹಿಂದಿದ್ದಾಗ, ಚೆಂಡನ್ನು ನೆಲಕ್ಕೆ ಬೀಳಿಸಿ ಕಂಬಗಳ ನಡುವೆ ಒದೆಯುವ ಒಂದು ಡ್ರಾಪ್ ಗೋಲಿಗೆ ಮೂರು ಅಂಕ ಸಿಗುವಾಗ, ಗೆರೆಯ ಹತ್ತಿರವೇ ಇದ್ದು ಆ ಹುಡುಗರು ಟ್ರೈಗಾಗಿಯೇ ಗುದ್ದಾಡಿದ್ದನ್ನು ಕಂಡು ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಗಾಬರಿಯಲ್ಲಿ ಬುದ್ಧಿ ಕೈಕೊಡುವುದೆಂದರೆ ಅದೇ. ನಿನ್ನ ಪಂದ್ಯದ ಕೊನೆಯ ನಿಮಿಷಗಳೂ ಹಾಗೆಯೇ ಇದ್ದವೆಂದು ನೀನೇ ಅಮ್ಮನ ಹತ್ತಿರ ಹೇಳಿಕೊಂಡಿದ್ದೀಯ.

ಸೋತ ಮೆಕಾ ನಾಯಕತ್ವ ಬಿಡಲಿಲ್ಲ. ಒತ್ತಡ ಬಂದಾಗ ತಲೆ ಹೇಗೆ ಕೆಲಸ ಮಾಡುತ್ತದೆಂದು ಕೂತು ಕಲಿತ. ತಂಡಕ್ಕೆ ನೆರವಾದ ಮನೋವೈದ್ಯ ಸೆರಿ ಎವಾನ್ಸ್, ಗಾಬರಿಗೊಂಡ ಮನಸ್ಸನ್ನು ಕೆಂಪು ತಲೆಯೆಂದೂ ತಿಳಿಯಾದ ಮನಸ್ಸನ್ನು ನೀಲಿ ತಲೆಯೆಂದೂ ಕರೆದು, ಒಂದರಿಂದ ಇನ್ನೊಂದಕ್ಕೆ ಮರಳುವ ದಾರಿಯನ್ನು ಅಭ್ಯಾಸ ಮಾಡಿಸಿದ. ನಿಧಾನವಾಗಿ ಉಸಿರೆಳೆದು, ಪಾದಗಳನ್ನು ನೆಲಕ್ಕೆ ಊರಿ, ಕಣ್ಣೆತ್ತಿ ಸುತ್ತ ನೋಡುವುದು, ಅಷ್ಟೇ. ಇಷ್ಟು ಸಣ್ಣ ಕ್ರಿಯೆಯನ್ನು ಅಷ್ಟು ದೊಡ್ಡ ಆಟಗಾರ ಶ್ರದ್ಧೆಯಿಂದ ಕಲಿತನಲ್ಲ, ಅದಕ್ಕೇ ಆತನ ಮೇಲೆ ನನಗೆ ಗೌರವ.

2011ರ ಫೈನಲ್ ಆಕ್ಲೆಂಡಿನ ಈಡನ್ ಪಾರ್ಕಿನಲ್ಲಿ ನಡೆಯಿತು. ಎದುರಿಗೆ ಅದೇ ಫ್ರಾನ್ಸ್. ಆಟ ನಡೆಸುವ ಜಾಗದಲ್ಲಿ ಆಡುವ ತಂಡದ ಮೂವರು ಫ್ಲೈ ಹಾಫ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡಿದ್ದರು. ಅವರ ಬದಲಿಗೆ ಬಂದು ಪೆನಾಲ್ಟಿ ಒದ್ದ ಸ್ಟೀಫನ್ ಡೊನಾಲ್ಡ್ ಕೆಲವೇ ದಿನಗಳ ಹಿಂದೆ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವನು. ಅರ್ಧ ಗಂಟೆಗೂ ಮಿಕ್ಕಿ ಒಂದೇ ಒಂದು ಅಂಕವನ್ನು ಕಾಯ್ದುಕೊಂಡು 8–7ರಿಂದ ಗೆದ್ದರು. ಮೆಕಾ ಅದನ್ನು ಮುರಿದ ಪಾದದಲ್ಲಿ ಆಡಿದ್ದ. ಎಕ್ಸ್‌ರೇಯಲ್ಲಿ ಏನು ಕಾಣುತ್ತದೆಂದು ಗೊತ್ತಿದ್ದರಿಂದ ಅದನ್ನೂ ತೆಗೆಸಿರಲಿಲ್ಲ. ಇದೊಂದನ್ನು ಮಾತ್ರ ನೀನು ಕಲಿಯಕೂಡದು. ನೋವಾದರೆ ಆ ದಿನವೇ ಡಾಕ್ಟರಿಗೆ ತೋರಿಸು.

2015ರಲ್ಲಿ ಮತ್ತೊಂದು ವಿಶ್ವಕಪ್ ಗೆದ್ದು, ಅದೇ ನವೆಂಬರಿನಲ್ಲಿ ಆತ ನಿವೃತ್ತನಾದ. ಆಡಿದ 148 ಟೆಸ್ಟ್‌ಗಳಲ್ಲಿ, ಅಂದರೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ, 131 ಗೆಲುವು. ನಾಯಕನಾಗಿ 110 ಪಂದ್ಯ. ಅಜ್ಜ ಯುದ್ಧಕಾಲದ ವಿಮಾನ ಚಾಲಕ, ಮೊಮ್ಮಗ ಆಟ ಬಿಟ್ಟ ಮೇಲೆ ಹೆಲಿಕಾಪ್ಟರ್ ಚಾಲಕ.

ಕಾರ್ಡಿಫಿನ ಮರುದಿನವೇ ಆತ ಬಿಟ್ಟಿದ್ದರೆ ಈಡನ್ ಪಾರ್ಕಿನ ಆ ಅರ್ಧ ಗಂಟೆಯಲ್ಲಿ ತಂಡವನ್ನು ನಡೆಸುವವನು ಬೇರೊಬ್ಬನಾಗಿರುತ್ತಿದ್ದ. ನಿನ್ನ ಪತ್ರವನ್ನು ಹರಿ ಎಂದು ನಾನು ಹೇಳುವುದಿಲ್ಲ, ಅದು ನಿನ್ನ ತೀರ್ಮಾನ. ಔಷಧಿ ಮುಗಿದ ಮಾರನೆಯ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತೇನೆ. ಅಮ್ಮ ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ. ನಾವಿಬ್ಬರೂ ಕೂತು ನಿನ್ನ ಪಂದ್ಯದ ಕೊನೆಯ ಹತ್ತು ನಿಮಿಷವನ್ನು ಒಮ್ಮೆ ನೋಡುವವರೆಗೆ ಆ ಪತ್ರವನ್ನು ಯಾರಿಗೂ ಕೊಡಬೇಡ.

ನಿನ್ನ ಪ್ರೀತಿಯ
ಅಪ್ಪ