ಬಿಡ್ ತೆರೆಯುವ ಮುನ್ನವೇ ಮಳೆಗಾಲದ ಲೆಕ್ಕ ಆಗಲಿ

ಮಾನ್ಯರೇ,

ಕೊಡಗಿನ ರಸ್ತೆ, ಮೋರಿ, ತಡೆಗೋಡೆ ಕಾಮಗಾರಿಗಳ ಟೆಂಡರ್ ದಾಖಲೆಯಲ್ಲಿ ‘ಅವಧಿ: ಮಳೆಗಾಲ ಸೇರಿ’ ಎಂಬ ಮಾತು ಕಂಡರೆ ಗುತ್ತಿಗೆದಾರರು ಅಲ್ಲೇ ನಿಂತು ಓದಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ) ಅಗೆದರೆ ಮೇಲಿನ ತೋಟವೇ ಜಾರಿ ಕೆಳಗೆ ಬರುತ್ತದೆ. ಡಾಂಬರಂತೂ ಹಿಡಿಯುವುದೇ ಇಲ್ಲ. ಏಪ್ರಿಲ್ ಕೊನೆಗೆ ಕಾರ್ಯಾದೇಶ ಸಿಕ್ಕರೆ, ಆರು ತಿಂಗಳ ಅವಧಿಯಲ್ಲಿ ಕೆಲಸಕ್ಕೆ ದಕ್ಕುವುದು ಮೇ ಮತ್ತು ಅಕ್ಟೋಬರ್ ಮಾತ್ರ. ಆಮೇಲೆ ‘ಮಳೆ ಬಂತು’ ಎಂದು ಅವಧಿ ವಿಸ್ತರಣೆ ಕೇಳಿದರೆ ಒಪ್ಪಿಸುವುದು ಕಷ್ಟ. ವರ್ಷ ವರ್ಷವೂ ಬರುವ ಮಳೆಯನ್ನು ಅನಿರೀಕ್ಷಿತ ಎನ್ನಲಾಗದು, ಅದನ್ನು ಲೆಕ್ಕ ಹಾಕಿಯೇ ದರ ಕೊಟ್ಟಿದ್ದೀರಿ ಎಂದೇ ಅರ್ಥ. ತಡವಾದದ್ದಕ್ಕೆ ದಂಡ ಬಿಲ್ಲಿನಲ್ಲೇ ಕಡಿತವಾಗುತ್ತದೆ.

ಇದನ್ನು ಪ್ರಶ್ನಿಸಲು ಸಮಯ ಒಂದೇ: ಟೆಂಡರ್ ದಾಖಲೆಯಲ್ಲಿ ಸ್ಪಷ್ಟೀಕರಣಕ್ಕೆ ಕೊಟ್ಟ ಗಡುವಿನೊಳಗೆ, ಲಿಖಿತವಾಗಿ. ಅದಕ್ಕೆ ಇಲಾಖೆ ತಿದ್ದುಪಡಿ ಹೊರಡಿಸಿದರೆ ಅದು ಎಲ್ಲ ಬಿಡ್‌ದಾರರಿಗೂ ಅನ್ವಯಿಸಿ ಕರಾರಿನ ಭಾಗವಾಗುತ್ತದೆ. ಎಂಜಿನಿಯರ್ ಫೋನಿನಲ್ಲಿ ‘ನೋಡೋಣ, ಮಾಡಿಕೊಡ್ತೀವಿ’ ಎಂದದ್ದಕ್ಕೆ ಕಾನೂನಿನ ಬೆಲೆ ಇಲ್ಲ.

ಜಾಗದ ಪ್ರಶ್ನೆಯನ್ನೂ ಆಗಲೇ ಎತ್ತಬೇಕು. ಅಗಲೀಕರಣ ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಜಮೀನು) ಅಂಚಿಗೆ ಹೋಗುತ್ತದೆಯೇ, ಕಡಿಯಬೇಕಾದ ಮರಗಳಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಆಗಿದೆಯೇ, ಜಾಗ ಯಾವ ದಿನ ಕೈಗೆ ಸಿಗುತ್ತದೆ? ಇಷ್ಟು ತಿಳಿಯದೆ ದರ ಬರೆಯುವುದು ಕಣ್ಣು ಮುಚ್ಚಿ ತೋಡು ದಾಟಿದಂತೆ.

ಬಿಡ್ ತೆರೆದ ಮೇಲೆ ತಪ್ಪು ತಿದ್ದಲು ದಾರಿಯೇ ಇಲ್ಲವೆಂದರೂ ಸರಿ. ಕಾಂಕ್ರೀಟಿಗೆ ಘನ ಮೀಟರಿಗೆ 6,500 ರೂಪಾಯಿ ಎನ್ನುವಲ್ಲಿ 650 ಎಂದು ನಮೂದಾಯಿತು ಎಂದಿಟ್ಟುಕೊಳ್ಳಿ. 100 ಘನ ಮೀಟರಿಗೆ 5.85 ಲಕ್ಷ ಹೊರೆ. ಪಶ್ಚಿಮ ಬಂಗಾಳ ವಿದ್ಯುತ್ ಮಂಡಳಿ ಮತ್ತು ಪಟೇಲ್ ಎಂಜಿನಿಯರಿಂಗ್ ನಡುವಿನ ಪ್ರಕರಣದಲ್ಲಿ ದರಪಟ್ಟಿಯ ಇಂಥದೇ ತಪ್ಪನ್ನು ತಿದ್ದಲು ಸುಪ್ರೀಂ ಕೋರ್ಟ್ 2001ರಲ್ಲಿ ಒಪ್ಪಲಿಲ್ಲ. ಬಿಡ್ ಸಿಂಧುವಾಗಿರುವ ಅವಧಿಯಲ್ಲಿ ಹಿಂದೆ ಸರಿದರೆ ಇಎಂಡಿ (ಬಿಡ್ ಜೊತೆ ಕಟ್ಟಿದ ಭದ್ರತಾ ಠೇವಣಿ) ಮುಟ್ಟುಗೋಲು.

ಹೆಚ್ಚು ಮಂದಿ ಎಡವುವುದು ಬಿಡ್ ಸಾಮರ್ಥ್ಯದಲ್ಲಿ, ಅಂದರೆ ಎಷ್ಟು ಮೊತ್ತದ ಕೆಲಸಕ್ಕೆ ಬಿಡ್ ಹಾಕಬಹುದು ಎಂಬ ಮಿತಿಯಲ್ಲಿ. ದೊಡ್ಡ ಕಾಮಗಾರಿಗಳಿಗೆ ರಾಜ್ಯದಲ್ಲಿ ಬಳಸುವ ಮಾದರಿ ಟೆಂಡರ್ ದಾಖಲೆ ಕೆಡಬ್ಲ್ಯು-4ರ ಸೂತ್ರ: ಎ × ಎನ್ × 1.5 − ಬಿ. ಎ ಎಂದರೆ ಕಳೆದ ಐದು ವರ್ಷಗಳಲ್ಲಿ ಒಂದೇ ವರ್ಷ ಮಾಡಿದ ಗರಿಷ್ಠ ಸಿವಿಲ್ ಕೆಲಸ, ಇಂದಿನ ದರಕ್ಕೆ ಹೊಂದಿಸಿ. ಎನ್ ಎಂದರೆ ಕಾಮಗಾರಿ ಅವಧಿ, ವರ್ಷದಲ್ಲಿ. ಬಿ ಎಂದರೆ ಆ ಅವಧಿಯಲ್ಲಿ ಮುಗಿಸಬೇಕಾದ, ಈಗಾಗಲೇ ಒಪ್ಪಿಕೊಂಡ ಕೆಲಸ. ಎ 2 ಕೋಟಿ, ಅವಧಿ ಆರು ತಿಂಗಳು, ಕೈಯಲ್ಲಿ 1 ಕೋಟಿಯ ಕೆಲಸ ಇದ್ದರೆ ಸಾಮರ್ಥ್ಯ ಬರೀ 50 ಲಕ್ಷ. ಬೇರೆ ಇಲಾಖೆಯಲ್ಲಿ ಬಾಕಿ ಇರುವ ಕೆಲಸ ಮುಚ್ಚಿಟ್ಟು ಅರ್ಹತೆ ಗಿಟ್ಟಿಸಿದರೆ ಅದು ಸುಳ್ಳು ಘೋಷಣೆ. ಇಂಥದ್ದಕ್ಕೆ ಕಪ್ಪುಪಟ್ಟಿ ಸೇರಿದವರ ಬಗ್ಗೆ ನನಗೆ ಕನಿಕರವಿಲ್ಲ, ಏಕೆಂದರೆ ಅವರು ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟವರ ಅನ್ನ ಕಸಿದಿರುತ್ತಾರೆ.

ಅನ್ಯಾಯವಾಗಿ ತಿರಸ್ಕೃತರಾದವರು ನೇರ ಹೈಕೋರ್ಟಿಗೆ ಓಡುವ ಮೊದಲು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ (ಸರ್ಕಾರಿ ಟೆಂಡರ್‌ಗಳ ಕಾನೂನು) 16ನೇ ಕಲಂ ನೋಡಬೇಕು. ಟೆಂಡರ್ ಅಂಗೀಕಾರದ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಪೋರ್ಟಲ್‌ಗೆ ಹಾಕಿದ ಪ್ರತಿ ದಾಖಲೆಯ ಪ್ರತಿಯನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ. ಕೋರ್ಟಿನ ತಡೆಯಾಜ್ಞೆಯನ್ನೂ ನೆಚ್ಚಿಕೊಳ್ಳುವಂತಿಲ್ಲ: 2018ರ ತಿದ್ದುಪಡಿಯ ನಂತರ ಮೂಲಸೌಕರ್ಯ ಕಾಮಗಾರಿ ವಿಳಂಬವಾಗುವಂಥ ತಡೆಯಾಜ್ಞೆಯನ್ನು ನಿರ್ದಿಷ್ಟ ಪರಿಹಾರ ಕಾಯ್ದೆಯೇ ನಿರ್ಬಂಧಿಸಿದೆ.

ಜಿಲ್ಲೆಯ ಎಂಜಿನಿಯರಿಂಗ್ ಇಲಾಖೆಗಳಲ್ಲಿ ನನ್ನ ಬೇಡಿಕೆ ಒಂದೇ. ಬರೆ ಅಗೆತ ಮತ್ತು ಡಾಂಬರೀಕರಣ ಇರುವ ಕಾಮಗಾರಿಗಳಿಗೆ ‘ಮಳೆಗಾಲ ಹೊರತುಪಡಿಸಿ’ ಎಂದು ಅವಧಿ ನಮೂದಿಸಿ, ಕಾರ್ಯಾದೇಶ ಅಕ್ಟೋಬರ್ ಹೊತ್ತಿಗೆ ಸಿಗುವಂತೆ ಟೆಂಡರ್ ಕರೆಯಿರಿ.

– ಒಬ್ಬ ಸಿವಿಲ್ ಗುತ್ತಿಗೆದಾರ, ಸೋಮವಾರಪೇಟೆ